ಅಮ್ಮನ ಮನೆಗೆ ಫ್ರಿಜ್, ಟಿವಿ, ವಾಷಿಂಗ್ ಮಷೀನ್: ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ?

ಕಟಪಾಡಿಯವಳು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಮ್ಮ ಕಟಪಾಡಿಯಲ್ಲಿ ಒಬ್ಬರೇ. ಮನೆಯಿಂದ ಮಟ್ಟು ಬೀಚಿಗೆ ನಡೆದೇ ಹೋಗಬಹುದು, ಅಷ್ಟು ಹತ್ತಿರ. ಹದಿನಾಲ್ಕು ವರ್ಷ ದುಡಿದ ಫ್ರಿಜ್ಜು ಈ ಸಲ ಕೈಕೊಟ್ಟಿತು. ಹೇಗೂ ರಜೆ ಹಾಕಿ ಬಂದಿದ್ದೇನಲ್ಲ, ವಾಷಿಂಗ್ ಮಷೀನು ಮತ್ತು 55 ಇಂಚಿನ ಟಿವಿಯನ್ನೂ ಒಟ್ಟಿಗೇ ತೆಗೆಯುವ ಅಂತ ನಿನ್ನೆ ಉಡುಪಿಗೆ ಹೋಗಿದ್ದೆವು.

ದರ ಎಲ್ಲ ಮಾತಾಡಿ ಆದ ಮೇಲೆ ಕೌಂಟರಿನ ಹುಡುಗ ಬಿಲ್ಲು ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಫ್ರಿಜ್ಜಿಗೆ ಎರಡು ವರ್ಷ ಹೆಚ್ಚುವರಿ ವಾರಂಟಿ 2,899 ರೂಪಾಯಿ, ವಾಷಿಂಗ್ ಮಷೀನಿಗೆ 2,499, ಟಿವಿಗೆ 5,200. ಒಟ್ಟು 10,598. "ಅಕ್ಕ, ಬೋರ್ಡ್ ಹೋದ್ರೆ ಅದೇ ಅಷ್ಟಾಗ್ತದೆ. ಅಮ್ಮ ಒಬ್ರೇ ಇರುದಲ್ವಾ, ನಿಮ್ಗೂ ನೆಮ್ಮದಿ" ಅಂದ. ಆ ಕೊನೆಯ ಮಾತು ನನಗೆ ಸರಿಯಾಗಿ ತಾಗಿತು. ಅಮ್ಮ ಮಾತ್ರ, "ಹಳೇ ಫ್ರಿಜ್ಜಿಗೆ ಇಂಥದ್ದೆಲ್ಲ ಇರ್ಲಿಲ್ಲ, ಅದೇನು ನಡೀಲಿಲ್ವಾ?" ಅಂತ ಕೇಳಿದರು.

ಸಾಮಾನಿಗೆ ಅಡ್ವಾನ್ಸ್ ಕೊಟ್ಟು, ವಾರಂಟಿ ವಿಷಯಕ್ಕೆ ಭಾನುವಾರದವರೆಗೆ ಟೈಮ್ ಕೇಳಿ ಬಂದಿದ್ದೇನೆ. ಸಮುದ್ರದ ಬದಿಯಲ್ಲಿರುವವರು, ರಿಪೇರಿ ಗೊತ್ತಿರುವವರು ದಯವಿಟ್ಟು ಹೇಳಿ. ತೆಗೆದುಕೊಳ್ಳಬೇಕಾ, ಬೇಡವಾ?

ಹಳೇ ಕೌಂಟರ್

ಮಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಒಂಬತ್ತು ವರ್ಷ ಸೇಲ್ಸಿನಲ್ಲಿದ್ದೆ. ಈಗ ಆ ಕೆಲಸ ಬಿಟ್ಟಾಗಿದೆ, ಹಾಗಾಗಿ ಬಿಚ್ಚಿ ಹೇಳ್ತೇನೆ.

ಟಿವಿ, ಫ್ರಿಜ್ಜಿನಲ್ಲಿ ಅಂಗಡಿಗೆ ಉಳಿಯುವುದು ಕಡಿಮೆ. ಆನ್‌ಲೈನ್ ದರ ತೋರಿಸಿ ಗಿರಾಕಿ ಚೌಕಾಸಿ ಮಾಡ್ತಾರೆ, ಅದಕ್ಕೆ ಸಮ ಮಾಡಿ ಕೊಡಲೇಬೇಕು. ನಮ್ಮಲ್ಲಿ ಲಾಭ ಇದ್ದದ್ದು ವಾರಂಟಿ ಪ್ಲ್ಯಾನಿನಲ್ಲಿ. ತಿಂಗಳಿಗೆ ಇಷ್ಟು ಪ್ಲ್ಯಾನ್ ಮಾರಬೇಕು ಅಂತ ಪ್ರತಿಯೊಬ್ಬನಿಗೂ ಟಾರ್ಗೆಟ್ ಇತ್ತು, ಆಗದಿದ್ದರೆ ಸೋಮವಾರದ ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಲ್ಲಬೇಕಿತ್ತು. ಆ ಹುಡುಗನ ಮೇಲೆ ಕೋಪ ಬೇಡ. ಬಿಲ್ಲು ಮಾಡುವ ಹೊತ್ತಿಗೇ ಕೇಳಬೇಕು ಅಂತ ನಮಗೆ ಕಲಿಸಿದ್ದೇ ಹಾಗೆ. ಐವತ್ತು ಸಾವಿರದ ಎದುರು ಐದು ಸಾವಿರ ಸಣ್ಣದಾಗಿ ಕಾಣುವ ಹೊತ್ತು ಅದು.

ನನಗೆ ಈಗಲೂ ಮರೆಯದ ಒಬ್ಬರು ಹಿರಿಯರಿದ್ದಾರೆ. ಬಂಟ್ವಾಳ ಕಡೆಯವರು. ವಾಷಿಂಗ್ ಮಷೀನಿನ ಮೋಟಾರ್ ನಿಂತಿದೆ ಅಂತ ಬಂದರು. ಪಂಚಾಂಗದೊಳಗೆ ಮಡಚಿಟ್ಟ ಪ್ಲ್ಯಾನಿನ ಕಾಗದವನ್ನು ಎರಡೂ ಕೈಯಲ್ಲಿ ಬಿಡಿಸಿ ಕೌಂಟರಿನ ಮೇಲೆ ಇಟ್ಟರು. ಅದರಲ್ಲಿ ದೊಡ್ಡದಾಗಿ "3 ವರ್ಷ" ಅಂತ ಇತ್ತು. ಅವರ ಲೆಕ್ಕದಲ್ಲಿ ಕಂಪನಿಯ ಒಂದು ವರ್ಷ ಮುಗಿದ ಮೇಲೆ ಮೂರು ವರ್ಷ. ಕಾಗದದ ಲೆಕ್ಕದಲ್ಲಿ ಕಂಪನಿಯ ಆ ಒಂದು ವರ್ಷವೂ ಸೇರಿ ಮೂರು. ಅವರು ಬಂದದ್ದು ಮೂರು ವರ್ಷ ಎರಡು ತಿಂಗಳಿಗೆ. ಆ ಪ್ಲ್ಯಾನ್ ಮಾರಿದ್ದು ನಾನೇ, ಹೆಚ್ಚು ಬಿಡಿಸಿ ಹೇಳಿರಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ, ಕಾಗದವನ್ನು ಪುನಃ ಮಡಚಿ ಕಿಸೆಗೆ ಹಾಕಿಕೊಂಡು ಹೋದರು.

ಅದಕ್ಕೆ ನೀವು ಮೊದಲು ಕೇಳಬೇಕಾದದ್ದು, ಪ್ಲ್ಯಾನ್ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ. "ಎರಡು ವರ್ಷ" ಅಂತ ಬಾಯಿಮಾತು ಬೇಡ, ತಾರೀಕು ಬರೆಸಿಕೊಳ್ಳಿ. ಮತ್ತೆ ಆ ವಾರಂಟಿ ಯಾರದ್ದು ನೋಡಿ: ತಯಾರಿಸಿದ ಕಂಪನಿಯದ್ದಾ, ಅಂಗಡಿಯದ್ದಾ, ಅಥವಾ ಮೂರನೆಯ ಒಂದು ಸಂಸ್ಥೆಯದ್ದಾ? ಮೂರನೆಯವರದ್ದಾದರೆ ರಿಪೇರಿಗೆ ಬರುವವರೂ ಬೇರೆ, ಬಿಡಿಭಾಗ ಎಲ್ಲಿಯದು ಅಂತಲೂ ಕೇಳಬೇಕಾಗ್ತದೆ. ರಿಪೇರಿ ಆಗದಿದ್ದರೆ ಹೊಸದು ಕೊಡ್ತಾರಾ, ಸವಕಳಿ ಕಳೆದು ಅದೇ ಅಂಗಡಿಯ ವೋಚರ್ ಕೊಡ್ತಾರಾ? ಬಣ್ಣದ ಕರಪತ್ರದಲ್ಲಿ ಇದೆಲ್ಲ ಇರುವುದಿಲ್ಲ. ಸಣ್ಣ ಅಕ್ಷರದ ಪೂರ್ತಿ ನಿಯಮಾವಳಿ ಕೇಳಿ. ಕೊಡುವುದಿಲ್ಲ ಅಂದರೆ ಹಣ ಕೊಡಬೇಡಿ.

ಮಲ್ಪೆ ಗಾಳಿ

ನನ್ನ ಕಥೆ ಎಸಿಯದ್ದು. ಮನೆ ಮಲ್ಪೆಯಲ್ಲಿ, ಔಟ್‌ಡೋರ್ ಯೂನಿಟ್ ಪಶ್ಚಿಮದ ಗೋಡೆಗೆ, ಅಂದರೆ ನೇರ ಸಮುದ್ರಕ್ಕೆ ಮುಖ. ಪ್ಲ್ಯಾನ್ ತೆಗೆದುಕೊಂಡಿದ್ದೆ. ಎರಡನೇ ವರ್ಷದ ಮಾರ್ಚ್‌ನಲ್ಲಿ ತಂಪಾಗುವುದು ನಿಂತಿತು. ಟೆಕ್ನಿಶಿಯನ್ ಬಂದು ಮುಚ್ಚಳ ತೆಗೆದು ಕಾಯಿಲಿನ ಮೇಲೆ ಬೆರಳು ಇಟ್ಟರೆ, ಅಲ್ಯೂಮಿನಿಯಂ ಪಟ್ಟಿಗಳು ಹಪ್ಪಳದ ಹಾಗೆ ಪುಡಿಯಾಗಿ ಉದುರಿದವು. ಪೈಪಿನ ಬೆಸುಗೆಯ ಹತ್ತಿರ ಹಸಿರು ಕಿಲುಬು. ನಾಲ್ಕು ಫೋಟೋ ತೆಗೆದುಕೊಂಡು ಹೋದರು. ಮೂರು ದಿನ ಬಿಟ್ಟು ಮೆಸೇಜು ಬಂತು: ವಾತಾವರಣದಿಂದಾದ ತುಕ್ಕು, ವಾರಂಟಿಯಲ್ಲಿ ಬರುವುದಿಲ್ಲ. ಕಾಯಿಲ್, ಗ್ಯಾಸ್ ಎಲ್ಲ ಸೇರಿ 18,400 ಕೈಯಿಂದ ಕೊಟ್ಟೆ.

ಸಂಕಟ ಎಂತ ಅಂದ್ರೆ, ಕಂಪ್ರೆಸರಿಗೆ 10 ವರ್ಷ ವಾರಂಟಿ ಉಂಟು ಅಂತ ನಾನು ಧೈರ್ಯದಲ್ಲಿದ್ದೆ. ಕಂಪ್ರೆಸರಿಗೆ ಏನೂ ಆಗಿರಲೇ ಇಲ್ಲ. ನಮ್ಮೂರಲ್ಲಿ ಹಾಳಾಗುವ ವಸ್ತು ಒಂದು, ಅವರು ವಾರಂಟಿ ಕೊಡುವ ವಸ್ತು ಇನ್ನೊಂದು.

ಬಿಜೈ ನಿವಾಸಿ

ಎಲ್ಲರೂ ಬೇಡ ಅಂತ ಹೇಳುವ ಮೊದಲು ನನ್ನದೂ ಕೇಳಿ. ನಾನು ಟಿವಿಗೆ 4,600 ಕೊಟ್ಟು ಪ್ಲ್ಯಾನ್ ಮಾಡಿಸಿದ್ದೆ. ಒಂದು ವರ್ಷ ಏಳು ತಿಂಗಳಿಗೆ ಪರದೆಯ ಎಡಬದಿಯಲ್ಲಿ ಕೂದಲೆಳೆಯಷ್ಟು ಸಪೂರದ ಒಂದು ಹಸಿರು ಗೆರೆ ಬಂತು. ವಾರದೊಳಗೆ ಅದು ಬೆರಳಗಲ ಆಯಿತು. ಪ್ಯಾನಲ್ ಹೋಗಿದೆ ಅಂದರು. ವಾರಂಟಿ ಇಲ್ಲದಿದ್ದರೆ ಎಷ್ಟು ಅಂತ ಕೇಳಿದೆ, 31,000 ಅಂದರು. ಟಿವಿಯೇ 46,000ದ್ದು! 23 ದಿನ ಕಾಯಬೇಕಾಯಿತು, ಐದಾರು ಸಲ ಫೋನ್ ಮಾಡಬೇಕಾಯಿತು, ಆದರೆ ಹೊಸ ಪ್ಯಾನಲ್ ಹಾಕಿಕೊಟ್ಟರು. ನನ್ನ ಮಟ್ಟಿಗೆ ಆ ಹಣ ದಂಡ ಆಗಲಿಲ್ಲ.

ನಿವೃತ್ತ ಗಣಿತ ಮೇಷ್ಟ್ರು, ಕುಂದಾಪುರ

ಬಿಜೈಯವರು ಕೊಟ್ಟ ಅಂಕಿಯಿಂದ ಒಂದು ದಾರಿ ಸಿಗುತ್ತದೆ. ಪ್ಲ್ಯಾನಿನ ಹಣವನ್ನು, ಅದು ತಪ್ಪಿಸಬಲ್ಲ ರಿಪೇರಿಯ ಖರ್ಚಿನಿಂದ ಭಾಗಿಸಿ. ಟಿವಿಗೆ 5,200 ಭಾಗಿಸು 31,000. ಸುಮಾರು 17 ಶೇಕಡಾ. ಅಂದರೆ ಎರಡನೇ, ಮೂರನೇ ವರ್ಷದಲ್ಲಿ ಆರು ಟಿವಿಗಳಲ್ಲಿ ಒಂದರ ಪ್ಯಾನಲ್ ಹೋಗುವುದಾದರೆ ಮಾತ್ರ ಲೆಕ್ಕ ಸರಿಸಮ. ಅಷ್ಟೊಂದು ಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ, ಆದರೆ ಹೋದಾಗ ಬೀಳುವ ಪೆಟ್ಟು ದೊಡ್ಡದು. ದೊಡ್ಡ ಪೆಟ್ಟನ್ನು ತಡೆಯಲಿಕ್ಕೆ ಸ್ವಲ್ಪ ಹೆಚ್ಚು ಕೊಡುವುದು ತಪ್ಪಲ್ಲ, ಎಲ್ಲ ವಿಮೆಯೂ ಹಾಗೆಯೇ.

ವಾಷಿಂಗ್ ಮಷೀನಿನ ಬೋರ್ಡ್ ಬದಲಿಸಲು ಮೊನ್ನೆ ನಮ್ಮ ಮನೆಯಲ್ಲಿ 4,500 ಆಯಿತು. 2,499 ಭಾಗಿಸು 4,500 ಅಂದರೆ 55 ಶೇಕಡಾ. ಎರಡು ಮಷೀನಿನಲ್ಲಿ ಒಂದಕ್ಕಿಂತ ಹೆಚ್ಚು ಕೆಡಬೇಕು! ಅಷ್ಟು ಕೆಡುವ ಮಷೀನನ್ನು ಯಾರೂ ಕೊಳ್ಳಲೇಬಾರದು. ಪೆಟ್ಟೂ ಸಣ್ಣದು, ತಡೆದುಕೊಳ್ಳಬಹುದು. ಆ 10,598ರಲ್ಲಿ 18 ಶೇಕಡಾ ಜಿಎಸ್‌ಟಿಯೇ 1,600 ರೂಪಾಯಿಯ ಮೇಲೆ ಉಂಟು, ಅದನ್ನೂ ನೋಡಿ.

ಸ್ಕ್ರೂಡ್ರೈವರ್, ಮುಲ್ಕಿ

ಮೇಷ್ಟ್ರ ಲೆಕ್ಕ ಸರಿ. ನಾನು ಸುರತ್ಕಲ್‌ನಿಂದ ಕಾಪುವರೆಗೆ 22 ವರ್ಷದಿಂದ ರಿಪೇರಿ ಮಾಡಿಕೊಂಡು ಬಂದವ, ಹಾಗಾಗಿ ಕಟಪಾಡಿಯ ತಂಗಿಗೆ ಸ್ವಲ್ಪ ಉದ್ದವೇ ಬರೀತೇನೆ.

ಸಾಮಾನು ಕೆಡುವುದಕ್ಕೆ ಒಂದು ಕ್ರಮ ಉಂಟು. ಫ್ಯಾಕ್ಟರಿಯಲ್ಲೇ ತಪ್ಪಿದ್ದರೆ ಮೊದಲ ಕೆಲವು ತಿಂಗಳಲ್ಲೇ ಕೈಕೊಡ್ತದೆ, ಅದು ಕಂಪನಿಯ ವಾರಂಟಿಯಲ್ಲೇ ಸರಿಯಾಗ್ತದೆ. ಅಲ್ಲಿಂದ ಐದಾರು ವರ್ಷ ಸಾಮಾನ್ಯ ತೊಂದರೆ ಕಡಿಮೆ. ಆಮೇಲೆ ಸವೆತ ಶುರು. ಪ್ಲ್ಯಾನ್ ಕೂರುವುದು ಸರಿಯಾಗಿ ಆ ನಡುವಿನ ಒಳ್ಳೆ ಕಾಲದಲ್ಲಿ.

ಆದರೆ ನಮ್ಮ ಕರಾವಳಿಯಲ್ಲಿ ಆ ಒಳ್ಳೆ ಕಾಲದಲ್ಲೂ ನನಗೆ ಫೋನ್ ಬರ್ತದೆ. ಯಾಕೆ ಅಂದ್ರೆ ಇಲ್ಲಿ ಸಾಮಾನು ಸಾಯುವುದು ಬೇರೆ ಕಾರಣಕ್ಕೆ. ಒಂದು ಉಪ್ಪುಗಾಳಿ, ಮಲ್ಪೆಯವರು ಹೇಳಿದ್ದು. ಇನ್ನೊಂದು ಸಿಡಿಲು. ಮತ್ತೊಂದು ಕರೆಂಟು. ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ತುಂಡಾಯಿತು ಅಂತಿಟ್ಟುಕೊಳ್ಳಿ, 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಹೋದ ಮೇ ತಿಂಗಳಲ್ಲಿ ಒಂದೇ ಬೀದಿಯ ಏಳು ಮನೆಗೆ ಹೋದೆ, ಏಳರಲ್ಲೂ ಬೋರ್ಡ್ ಕಪ್ಪಾಗಿತ್ತು. ಮಳೆಗಾಲದಲ್ಲಿ ಇಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ವಾಷಿಂಗ್ ಮಷೀನಿನ ಅಡಿಯಿಂದ ಒಳಗೆ ಹೋಗಿ ವೈರು ಕಡಿಯುತ್ತದೆ. ಹಲ್ಲಿ ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆಗ್ತದೆ. ಇರುವೆ ಗೂಡು ಕಟ್ತದೆ. ಈಗ ನೀವು ಆ ಸಣ್ಣ ಅಕ್ಷರದ ಕಾಗದ ತೆಗೆದು, "ಇವು ಸೇರುವುದಿಲ್ಲ" ಅನ್ನುವ ಪುಟ ನೋಡಿ. ನಾನು ನೋಡಿದ ಹೆಚ್ಚಿನ ಪ್ಲ್ಯಾನುಗಳಲ್ಲಿ ತುಕ್ಕು, ಸಿಡಿಲು, ವೋಲ್ಟೇಜ್ ಏರಿಳಿತ, ಇಲಿ-ಹುಳ ಎಲ್ಲ ಆ ಪುಟದಲ್ಲೇ ಉಂಟು. ಪ್ಲ್ಯಾನೇ ಮೋಸ ಅಂತ ಹೇಳುವುದಲ್ಲ. ಅದು ಬಯಲುಸೀಮೆಯ ಮನೆಗೂ ನಮಗೂ ಒಂದೇ ಅಳತೆಯಲ್ಲಿ ಹೊಲಿದ ಅಂಗಿ.

ಫ್ರಿಜ್ಜು: ಕಂಪ್ರೆಸರಿಗೆ ಕಂಪನಿಯೇ 10 ವರ್ಷ ಕೊಟ್ಟಿದೆಯಾ ನೋಡಿ, ಹೆಚ್ಚಿನವರು ಕೊಡ್ತಾರೆ. ಆದರೆ ಕಂಪ್ರೆಸರ್ ಫ್ರೀ ಅಂದರೆ ಗ್ಯಾಸು, ಕೂಲಿ ಫ್ರೀ ಅಂತ ಅರ್ಥ ಅಲ್ಲ, ಅದನ್ನು ಕೇಳಿ ತಿಳಿದುಕೊಳ್ಳಿ. ಈಗಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್600ಎ ಗ್ಯಾಸು, ಅದು ಬೆಂಕಿ ಹಿಡಿಯುವಂಥದ್ದು. ಸಸ್ತಾ ಆಗ್ತದೆ ಅಂತ ಕಂಡವರನ್ನು ಕರೆಯಬಾರದು. ಗೋಡೆಯಿಂದ ಒಂದು ಗೇಣು ದೂರ ಇಡಿ. ಇಷ್ಟು ಮಾಡಿದರೆ ಪ್ಲ್ಯಾನ್ ಬೇಡ.

ವಾಷಿಂಗ್ ಮಷೀನು: ನಿಮ್ಮ ಬಾವಿ ನೀರಿನಲ್ಲಿ ಕೆಂಪು ಉಂಟಾ? ಬಕೆಟಿನ ಅಡಿ ನೋಡಿದರೆ ಗೊತ್ತಾಗ್ತದೆ. ಇದ್ದರೆ ನೀರಿನ ಪೈಪು ಮಷೀನಿಗೆ ಸೇರುವಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಸಣ್ಣ ಜಾಲರಿ ಇರ್ತದೆ, ಅದು ಕೆಸರು ಕಟ್ತದೆ. "ನೀರು ಬರ್ತಾ ಇಲ್ಲ, ಮಷೀನ್ ಹಾಳಾಗಿದೆ" ಅಂತ ಬರುವ ಫೋನುಗಳಲ್ಲಿ ಎಷ್ಟೋ ಅಷ್ಟೇ. ನಲ್ಲಿ ಬಂದ್ ಮಾಡಿ, ಪೈಪು ತಿರುಗಿಸಿ ತೆಗೆದು, ಜಾಲರಿಯನ್ನು ಇಕ್ಕಳದಲ್ಲಿ ಮೆಲ್ಲ ಎಳೆದು, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ವಾಪಸು ಹಾಕಿದರೆ ಆಯಿತು. ಐದು ನಿಮಿಷದ ಕೆಲಸ. ಅಡಿಗೆ ಇಲಿ ಬರದ ಹಾಗೆ ಜಾಲರಿ ತಟ್ಟೆ ಹಾಕಿಸಿ. ಪ್ಲ್ಯಾನ್ ಇದಕ್ಕೂ ಬೇಡ.

ಟಿವಿ: ಇದೊಂದಕ್ಕೆ ಮಾತ್ರ ನಾನು ಬೇಡ ಅನ್ನುವುದಿಲ್ಲ. ಪ್ಯಾನಲ್ ನನ್ನಂಥವರ ಕೈಯಲ್ಲಿ ರಿಪೇರಿ ಆಗುವ ವಸ್ತು ಅಲ್ಲ. ಆದರೆ "ಪ್ಯಾನಲ್ ಸೇರಿದೆ" ಅಂತ ಕಾಗದದಲ್ಲಿ ಇರಲೇಬೇಕು.

ಇನ್ನು ಮುಖ್ಯ ವಿಷಯ. ಉಳಿದ ಹಣದಲ್ಲಿ ಅರ್ತಿಂಗ್ ಸರಿ ಮಾಡಿಸಿ. ನಮ್ಮಲ್ಲಿ ಅಡಿಯೆಲ್ಲ ಮುರಕಲ್ಲು, ಬೇಸಿಗೆಯಲ್ಲಿ ಒಣಗಿ ಕಲ್ಲಾಗ್ತದೆ, ಆಗ ಅರ್ತಿಂಗ್ ಹೆಸರಿಗೆ ಮಾತ್ರ. ಸಿಡಿಲು ಬರುವುದೂ ಅದೇ ಏಪ್ರಿಲ್-ಮೇಯಲ್ಲಿ, ನೆಲ ಒಣಗಿ ಬಿರಿದಿರುವಾಗ. ಮೀಟರ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ಒಮ್ಮೆಲೇ ನುಗ್ಗುವ ಹೆಚ್ಚು ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ, ಹಾಕಿಸಿ, ಅದು ಕೆಲಸ ಮಾಡುವುದು ಅರ್ತಿಂಗ್ ಸರಿ ಇದ್ದರೆ ಮಾತ್ರ. ಸ್ಟೆಬಿಲೈಸರ್ ಸಿಡಿಲಿಗೆ ಮದ್ದಲ್ಲ, ಅದು ನಿಧಾನದ ಏರಿಳಿತಕ್ಕೆ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕಿತ್ತಿಡಬೇಕು, ಅದೂ ಸಿಡಿಲು ಹತ್ತಿರ ಬರುವ ಮೊದಲು. ಕೇಬಲ್ ವೈರನ್ನೂ ಟಿವಿಯಿಂದ ಬಿಡಿಸಬೇಕು. ಪ್ಲಗ್ ತೆಗೆದಿಟ್ಟ ಟಿವಿಯೂ ಕೇಬಲ್ಲಿನ ದಾರಿಯಲ್ಲಿ ಬಂದ ಸಿಡಿಲಿಗೆ ಹೋದದ್ದನ್ನು ನಾನು ಕಂಡಿದ್ದೇನೆ.

ಮಲ್ಪೆ ಗಾಳಿ

ಔಟ್‌ಡೋರ್ ಯೂನಿಟ್ ಉಳಿಸಲಿಕ್ಕೆ ಎಂತ ಮಾಡಬಹುದು ಅಣ್ಣ?

ಸ್ಕ್ರೂಡ್ರೈವರ್, ಮುಲ್ಕಿ

ಸಾಧ್ಯವಾದರೆ ಪೂರ್ವದ ಗೋಡೆಗೆ ಬದಲಿಸಿ. ಮೈನ್ ಆಫ್ ಮಾಡಿ ತಿಂಗಳಿಗೊಮ್ಮೆ ಸಿಹಿನೀರು ಹಾಕಿ ಮೆಲ್ಲ ತೊಳೆಯಿರಿ, ಪ್ರೆಶರ್ ಬೇಡ, ಪಟ್ಟಿ ಬಗ್ಗುತ್ತದೆ. ಮುಂದಿನ ಸಲ ತೆಗೆಯುವಾಗ ತಾಮ್ರದ ಕಾಯಿಲಿಗೆ ತುಕ್ಕು ತಡೆಯುವ ಲೇಪ ಇರುವುದನ್ನೇ ಕೇಳಿ.

ಉಡುಪಿ ವಕೀಲೆ

ಮಲ್ಪೆಯವರೇ, ಪ್ಲ್ಯಾನ್ ಮಾರುವಾಗ ಆ ಹೊರಗಿಟ್ಟ ವಿಷಯಗಳ ಪಟ್ಟಿ ನಿಮ್ಮ ಕೈಗೆ ಕೊಟ್ಟಿದ್ದರೇ? ಕೊಟ್ಟಿರದಿದ್ದರೆ ಸುಮ್ಮನಿರಬೇಡಿ. ವಿಮಾ ಪಾಲಿಸಿಯ ವಿಷಯದಲ್ಲಿ, ಗ್ರಾಹಕನಿಗೆ ತಿಳಿಸದ ಹೊರಗಿಡುವ ಷರತ್ತನ್ನು ಕಂಪನಿ ಆಮೇಲೆ ಮುಂದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಹೇಳಿದೆ. ವಾರಂಟಿ ಪ್ಲ್ಯಾನ್ ಪೂರ್ತಿಯಾಗಿ ವಿಮೆ ಅಲ್ಲ, ಆದರೂ ಅದೇ ನೆಲೆಯಲ್ಲಿ ವಾದ ಮಾಡಬಹುದು.

ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ವಕೀಲರೇ ಬೇಕೆಂದಿಲ್ಲ, ನೀವೇ ವಾದಿಸಬಹುದು. ಆ ಟೆಕ್ನಿಶಿಯನ್ ಬರೆದ ಜಾಬ್ ಶೀಟು, ಮೆಸೇಜು, ಕೊಟ್ಟ ಹಣದ ರಸೀದಿ ತೆಗೆದಿಡಿ.

ಕಟಪಾಡಿಯವರಿಗೆ: ಬಿಲ್ಲಿನ ಅಕ್ಷರ ಎರಡು ವರ್ಷದಲ್ಲಿ ಮಾಸಿಹೋಗುತ್ತದೆ, ಕೈಗೆ ಸಿಕ್ಕಿದ ದಿನವೇ ಫೋಟೋ ತೆಗೆದು ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ. ಬಿಲ್ಲು ಅಮ್ಮನ ಹೆಸರಿನಲ್ಲೇ ಇರಲಿ.

ಬಿಜೈ ನಿವಾಸಿ

ಒಂದು ವಿಷಯ ಬಿಟ್ಟುಹೋಯಿತು. ಇಲ್ಲಿ ಎಲ್ಲರೂ ಹಣದ ಲೆಕ್ಕ ಹೇಳ್ತಾ ಇದ್ದೇವೆ. ಕಟಪಾಡಿಯವರ ಅಮ್ಮ ಒಬ್ಬರೇ ಇರುವುದು. ಸಾಮಾನು ಕೆಟ್ಟ ದಿನ ಯಾರಿಗೆ ಫೋನ್ ಮಾಡುವುದು ಅನ್ನುವುದೇ ಅವರಿಗೆ ದೊಡ್ಡ ಪ್ರಶ್ನೆ. ಅಂಥವರಿಗೆ ಒಂದು ನಂಬರು ಇರುವುದೇ ಪ್ಲ್ಯಾನಿನ ಬೆಲೆ ಅಲ್ಲವೇ?

ಸ್ಕ್ರೂಡ್ರೈವರ್, ಮುಲ್ಕಿ

ಮಾತು ಸರಿ. ಆದರೆ ಆ ನಂಬರಿಗೆ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಹೇಳ್ತದೆ. ಅರವತ್ತೈದು ದಾಟಿದ ಅಮ್ಮಂದಿರು ಅಲ್ಲೇ ಸೋಲ್ತಾರೆ, ಕೊನೆಗೆ ನಮ್ಮನ್ನೇ ಕರೀತಾರೆ. ಕಟಪಾಡಿಯಲ್ಲೇ ಒಬ್ಬ ಒಳ್ಳೆ ರಿಪೇರಿಯವನನ್ನು ಹುಡುಕಿ, ಮಳೆಗಾಲದ ಮೊದಲು ಒಮ್ಮೆ ಕರೆಸಿ ಎಲ್ಲ ನೋಡಿಸಿ. ಪರಿಚಯ ಆದರೆ ಅವನು ಫೋನಿನಲ್ಲೇ ಅರ್ಧ ಸರಿ ಮಾಡಿಸ್ತಾನೆ.

ಹಳೇ ಕೌಂಟರ್

ಭಾನುವಾರವೇ ಕೊನೆ ಅಂತ ಹೆದರಬೇಡಿ. ಹಲವು ಕಂಪನಿಗಳು ತಮ್ಮದೇ ಹೆಚ್ಚುವರಿ ವಾರಂಟಿಯನ್ನು ಮೊದಲ ವರ್ಷ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಕೊಡ್ತವೆ. ಒಂದು ಮಳೆಗಾಲ ಕಳೆಯಲಿ, ಸಾಮಾನು ಹೇಗೆ ನಡೀತದೆ ನೋಡಿ, ಹನ್ನೊಂದನೇ ತಿಂಗಳಿಗೆ ತೀರ್ಮಾನ ಮಾಡಿ. ನಿಮ್ಮ ಮಾಡೆಲ್ಲಿಗೆ ಆ ಅವಕಾಶ ಇದೆಯಾ ಅಂತ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿ. ನಾನು ಕೌಂಟರಿನಲ್ಲಿದ್ದಾಗ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ, ಹೇಳಬೇಕಿತ್ತು.

ಕಟಪಾಡಿಯವಳು

ಮೂರು ವಾರ ಆಯಿತು, ಉತ್ತರ ಬರೆಯಲಿಕ್ಕೆ ತಡವಾಯಿತು, ಕ್ಷಮಿಸಿ.

ಅಂಗಡಿಯಲ್ಲಿ ಪೂರ್ತಿ ನಿಯಮಾವಳಿ ಕೇಳಿದೆ. ಹುಡುಗ ಮ್ಯಾನೇಜರನ್ನು ಕರೆದ, ಅವರು ಮೇಲ್‌ಗೆ ಕಳಿಸಿದರು. ಹನ್ನೊಂದು ಪುಟ. ಮುಲ್ಕಿಯ ಅಣ್ಣ ಹೇಳಿದ ತುಕ್ಕು, ಸಿಡಿಲು, ವೋಲ್ಟೇಜ್, ಇಲಿ ಎಲ್ಲ ಏಳನೇ ಪುಟದಲ್ಲಿ ಸಾಲಾಗಿ ಇದ್ದವು. ಪ್ಯಾನಲ್ ಸೇರಿದೆ ಅಂತಲೂ ಇತ್ತು, ಆದರೆ ಮೂರನೇ ವರ್ಷದಲ್ಲಿ ಟಿವಿಯ ಬೆಲೆಯ ಅರ್ಧದವರೆಗೆ ಮಾತ್ರ. ಹಾಗಾಗಿ ಅಂಗಡಿಯದ್ದು ಒಂದನ್ನೂ ತೆಗೆದುಕೊಳ್ಳಲಿಲ್ಲ. ಟಿವಿ ಕಂಪನಿಗೇ ಫೋನ್ ಮಾಡಿದೆ, ಮೊದಲ ವರ್ಷದೊಳಗೆ ಅವರದ್ದೇ ಪ್ಲ್ಯಾನ್ ಕೊಳ್ಳಬಹುದು ಅಂದರು. ಹನ್ನೊಂದನೇ ತಿಂಗಳಿಗೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಅದರ ನಿಯಮ ಓದಿ ಆಮೇಲೆ ನೋಡುತ್ತೇನೆ.

ಅರ್ತಿಂಗ್ ಅಳೆಯಲು ಎಲೆಕ್ಟ್ರಿಶಿಯನ್ ಬಂದಿದ್ದರು. ಹಳೇ ಗುಂಡಿಯಲ್ಲಿ 40 ಓಮ್ ಮೇಲೆ ತೋರಿಸಿತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದಂತೆ. ಅಪ್ಪ ಮನೆ ಕಟ್ಟಿಸಿದಾಗ ಹಾಕಿಸಿದ ಕಬ್ಬಿಣದ ಪೈಪು ಮೇಲೆತ್ತುವಾಗ ಅರ್ಧದಲ್ಲೇ ತುಂಡಾಗಿ ಬಂತು, ಒಳಗೆಲ್ಲ ಕೆಂಪು ಪುಡಿ. ಇಷ್ಟು ವರ್ಷ ಅಮ್ಮ ಅದನ್ನೇ ನಂಬಿಕೊಂಡು ಒಬ್ಬರೇ ಇದ್ದರಲ್ಲ ಅಂತ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಹೊಸ ಗುಂಡಿ, ತಾಮ್ರ ಲೇಪದ ರಾಡ್, ಸರ್ಜ್ ಪ್ರೊಟೆಕ್ಟರ್ ಎಲ್ಲ ಸೇರಿ 9,300 ಆಯಿತು. ಈಗ 5 ಓಮ್ ತೋರಿಸುತ್ತದೆ.

ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಬೇಕು ಅಂದರು. ಅಮ್ಮ ಮರೆತರೆ ಅಂತ ನನಗೆ ಚಿಂತೆ. ಅಮ್ಮನೇ ಜಾಗ ತೋರಿಸಿದರು, ಶಂಕರಪುರ ಮಲ್ಲಿಗೆಯ ಸಾಲಿನ ತುದಿಯಲ್ಲಿ. ಬೆಳಿಗ್ಗೆ ಗಿಡಗಳಿಗೆ ಹಿಡಿಯುವ ಪೈಪು ಅಲ್ಲಿಗೆ ಸರಿಯಾಗಿ ಮುಟ್ಟುತ್ತದೆ.